ಹಳೆಯ ಪ್ರೊಡಕ್ಷನ್ ಆರ್ಡರ್‌ಗಳನ್ನು ಸ್ಯಾಪ್‌ನ ಸಿಒಎಚ್‌ವಿಯಲ್ಲಿ (ಹಲವು ಆರ್ಡರ್‌ಗಳನ್ನು ಒಂದೇ ಸಲ ನಡೆಸುವ ಸ್ಕ್ರೀನ್) ಒಟ್ಟಿಗೆ ಟೆಕೊ (ತಾಂತ್ರಿಕವಾಗಿ ಮುಗಿಯಿತು ಅಂತ ಗುರುತು) ಮಾಡಬಹುದಾ?

ಪೀಣ್ಯ_ಪ್ಲಾನರ್:
ಎಲ್ಲರಿಗೂ ನಮಸ್ಕಾರ. ಪೀಣ್ಯದಲ್ಲಿ ವಾಹನಗಳ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಪ್ಲಾನಿಂಗ್ ನೋಡಿಕೊಳ್ಳುತ್ತೇನೆ. ಪ್ಲಾನಿಂಗ್, ಸ್ಟಾಕ್, ಲೆಕ್ಕ ಎಲ್ಲಕ್ಕೂ ನಮ್ಮಲ್ಲಿರುವ ಸಾಫ್ಟ್‌ವೇರ್ ಸ್ಯಾಪ್ ಇಸಿಸಿ. ನಾನು ಸೇರುವ ಮುಂಚಿನಿಂದಲೂ ಮುಗಿಸದೆ ಬಿಟ್ಟ ಪ್ರೊಡಕ್ಷನ್ ಆರ್ಡರ್‌ಗಳು ರಾಶಿ ಬಿದ್ದಿವೆ. ಕೆಲವು ರಿಲೀಸ್ ಆಗಿ (ಕೆಲಸ ಶುರುಮಾಡಲು ಬಿಟ್ಟು) ಅಲ್ಲೇ ನಿಂತಿವೆ, ಕೆಲವಕ್ಕೆ ಅರ್ಧ ಕನ್ಫರ್ಮೇಶನ್ (ಕೆಲಸ ಇಷ್ಟಾಯಿತು ಅನ್ನುವ ಎಂಟ್ರಿ) ಆಗಿದೆ. ಇನ್ನು ಕೆಲವದರಲ್ಲಿ 500 ಪೀಸ್‌ಗೆ 480 ಸ್ಟೋರ್‌ಗೆ ಬಂದಿವೆ, ಉಳಿದ 20 ರಿಜೆಕ್ಟ್ ಅಂತ ಯಾರೂ ಎಂಟ್ರಿ ಹಾಕಿಲ್ಲ. ಎಂಡಿ04 (ಸ್ಟಾಕ್ ಮತ್ತು ಬೇಡಿಕೆಯ ಪಟ್ಟಿ) ತೆಗೆದರೆ ಆ 20 ಇನ್ನೂ ಬರಲಿದೆ ಅಂತ ತೋರಿಸುತ್ತದೆ. ಎಂಆರ್‌ಪಿ (ಯಾವ ಮಾಲು ಎಷ್ಟು ಬೇಕು ಅಂತ ಲೆಕ್ಕ ಹಾಕುವ ರನ್) ಅದನ್ನೇ ನಂಬಿ ಹೊಸ ಪ್ಲಾನ್ಡ್ ಆರ್ಡರ್ ಹಾಕುವುದಿಲ್ಲ, ಡಿಸ್ಪ್ಯಾಚ್ ದಿನ ನೋಡಿದರೆ ಪಾರ್ಟ್ ಇರುವುದಿಲ್ಲ. ಸಿಒ02ಗೆ (ಆರ್ಡರ್ ತಿದ್ದುವ ಸ್ಕ್ರೀನ್) ಹೋಗಿ ಒಂದೊಂದೇ ಮುಗಿಸುತ್ತಾ ಕೂತರೆ ಬೇರೆ ಕೆಲಸ ಮಾಡೋಕಾಗಲ್ಲ. ಸಿಒಎಚ್‌ವಿಯಲ್ಲಿ ಎಲ್ಲವನ್ನೂ ಒಂದೇ ಸಲ ಮುಗಿಸಬಹುದು ಅಂತ ಕೇಳಿದ್ದೇನೆ. ಮಾರ್ಚ್ 31ರೊಳಗೆ ಮಾಡಿಬಿಡೋಣ ಅಂತಿದ್ದಾರೆ ಮ್ಯಾನೇಜರ್. ಮಾಡಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಪಿಪಿ_ಹುಬ್ಬಳ್ಳಿ:
ಮಾಡಬಹುದು ಸರ್, ಸಿಒಎಚ್‌ವಿ ಇರುವುದೇ ಇದಕ್ಕೆ. ಪ್ಲಾನ್ಡ್ ಆರ್ಡರ್ ಕನ್ವರ್ಟ್ ಮಾಡುವುದು, ರಿಲೀಸ್, ಪ್ರಿಂಟ್, ಕನ್ಫರ್ಮೇಶನ್, ಟೆಕೊ, ಕ್ಲೋಸ್ ಎಲ್ಲವೂ ಅದರಲ್ಲೇ ಆಗುತ್ತದೆ. ಲಿಸ್ಟ್ ಜಾಗದಲ್ಲಿ ಆರ್ಡರ್ ಹೆಡರ್ ಆರಿಸಿ. ಪ್ಲಾಂಟ್, ಆರ್ಡರ್ ಟೈಪ್, ಎಂಆರ್‌ಪಿ ಕಂಟ್ರೋಲರ್ ಕೊಟ್ಟು, ಬೇಸಿಕ್ ಫಿನಿಶ್ ಡೇಟ್ ಎಲ್ಲಿಯವರೆಗಿನದು ಬೇಕು ಅಂತ ಹಾಕಿ. ಸ್ಟೇಟಸ್‌ನಲ್ಲಿ ರಿಲೀಸ್ ಆದವು ಬೇಕು, ಟೆಕೊ ಆದವು ಬೇಡ ಅಂತ ಹೇಳಿ. ಆಮೇಲೆ ಮಾಸ್ ಪ್ರೊಸೆಸಿಂಗ್ ಟ್ಯಾಬ್‌ನಲ್ಲಿ ಟೆಕೊ ಆರಿಸಿ ಲಿಸ್ಟ್ ತೆಗೆಯಿರಿ. ಮೊದಲು ನಾಲ್ಕೈದು ಆರ್ಡರ್ ಮಾತ್ರ ಆರಿಸಿ ನಡೆಸಿ, ಲಾಗ್ ಓದಿ, ಎಂಡಿ04ನಲ್ಲಿ ಆ ಸಾಲು ಹೋಯಿತಾ ನೋಡಿ.

ಟೆಕೊ ಆದರೆ ಎಂಆರ್‌ಪಿ ಆ ಆರ್ಡರನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಉಳಿದ ರಿಸರ್ವೇಶನ್ (ಆರ್ಡರಿಗೆ ಕಾದಿರಿಸಿದ ಮಾಲು) ಮತ್ತು ಮಷೀನ್ ಕೆಪ್ಯಾಸಿಟಿ ಬಿಟ್ಟುಹೋಗುತ್ತವೆ. ತಪ್ಪಿದರೆ ವಾಪಸ್ ತೆಗೆಯಬಹುದು, ಖರ್ಚಿನ ಪೋಸ್ಟಿಂಗ್ ಕೂಡ ಆಮೇಲೂ ಆಗುತ್ತದೆ. ಕ್ಲೋಸ್ ಹಾಗಲ್ಲ, ಅದಾದ ಮೇಲೆ ಏನೂ ಪೋಸ್ಟ್ ಆಗುವುದಿಲ್ಲ, ಹಾಗಾಗಿ ಅದಕ್ಕೆ ಈಗಲೇ ಕೈ ಹಾಕಬೇಡಿ.

ಎಲ್ಲಕ್ಕಿಂತ ಮೊದಲು ಸಿಒಜಿಐ (ಪೋಸ್ಟ್ ಆಗದೆ ನಿಂತ ಸ್ಟಾಕ್ ಎಂಟ್ರಿಗಳ ಪಟ್ಟಿ) ಖಾಲಿ ಮಾಡಿ. ನಿಮ್ಮಲ್ಲಿ ಬ್ಯಾಕ್‌ಫ್ಲಷ್ (ಕನ್ಫರ್ಮೇಶನ್ ಹಾಕಿದಾಗ ಮಾಲಿನ ಬಳಕೆ ತಾನಾಗಿ ಎಂಟ್ರಿ ಆಗುವುದು) ಇದೆ ಅಲ್ವಾ? ಕನ್ಫರ್ಮೇಶನ್ ಹಾಕಿದಾಗ ಸ್ಟಾಕ್ ಸಾಲದೆ 261 (ಮಾಲು ಬಳಕೆಯ ಎಂಟ್ರಿ) ಬೀಳದಿದ್ದರೆ ಅದು ಅಲ್ಲಿ ಹೋಗಿ ಕೂರುತ್ತದೆ. ಮಾಲು ಬಳಸಿ ಆಗಿರುತ್ತದೆ, ಪುಸ್ತಕದಲ್ಲಿ ಮಾತ್ರ ಇನ್ನೂ ಸ್ಟೋರ್‌ನಲ್ಲಿ ಇರುತ್ತದೆ. ಅದನ್ನು ಸರಿಮಾಡದೆ ಟೆಕೊ ಮಾಡಿದರೆ ಆರ್ಡರಿನ ಖರ್ಚು ಅರೆಬರೆ ಆಗುತ್ತದೆ, ಮುಂದೆ ಕ್ಲೋಸ್ ಮಾಡಲು ಹೋದಾಗ ಆ ಎರರ್‌ಗಳೇ ಅಡ್ಡ ಬರುತ್ತವೆ.

ಕಾಸ್ಟಿಂಗ್_ಮಿತ್ರ:
ಮಾರ್ಚ್ 31 ಅಂದಿದ್ದಕ್ಕೆ ಬರೆಯುತ್ತಿದ್ದೇನೆ. ಫೈನಾನ್ಸ್‌ನವರಿಗೆ ಹೇಳದೆ ದಯವಿಟ್ಟು ಆ ಬಟನ್ ಒತ್ತಬೇಡಿ. ಆರ್ಡರ್ ರಿಲೀಸ್ ಸ್ಟೇಟಸ್‌ನಲ್ಲಿ ಇರುವವರೆಗೆ ಅದರ ಮೇಲಿನ ಖರ್ಚು ಅರ್ಧ ಮುಗಿದ ಮಾಲು ಅಂತ ಬ್ಯಾಲೆನ್ಸ್ ಶೀಟಿನಲ್ಲಿ ಇರುತ್ತದೆ. ಟೆಕೊ ಆದ ತಕ್ಷಣ ತಿಂಗಳ ಕೊನೆಯ ರನ್‌ನಲ್ಲಿ ಆ ವಿಪ್ (ಅರ್ಧ ಮುಗಿದ ಮಾಲಿನ ಲೆಕ್ಕ) ರದ್ದಾಗಿ, ಕೆಕೆಎಸ್1ರಲ್ಲಿ ವೇರಿಯನ್ಸ್ (ಆಗಬೇಕಿದ್ದ ಖರ್ಚಿಗೂ ಆದ ಖರ್ಚಿಗೂ ವ್ಯತ್ಯಾಸ) ಲೆಕ್ಕವಾಗಿ, ಸಿಒ88ರಲ್ಲಿ ಸೆಟಲ್ ಆಗುತ್ತದೆ. ವರ್ಷಗಳಿಂದ ಕೂತಿದ್ದ ಖರ್ಚೆಲ್ಲ ಒಂದೇ ತಿಂಗಳ ಲಾಭ ನಷ್ಟಕ್ಕೆ ಬಂದು ಬಡಿಯುತ್ತದೆ. ಆಡಿಟರ್ ಕೇಳುವುದು ಗ್ಯಾರಂಟಿ. ಲಿಸ್ಟನ್ನು ಎಕ್ಸೆಲ್‌ಗೆ ತೆಗೆದು, ಪ್ರತಿ ಆರ್ಡರಿನ ಮೇಲೆ ಎಷ್ಟು ಖರ್ಚು ಕೂತಿದೆ ಅಂತ ಪಕ್ಕದಲ್ಲಿ ಹಾಕಿ ಮೊದಲೇ ಅವರಿಗೆ ಕೊಡಿ. ಏನೂ ಖರ್ಚು ಬೀಳದ ಆರ್ಡರ್‌ಗಳಿಗೆ ಈ ತೊಂದರೆ ಇಲ್ಲ, ಅವನ್ನು ಮೊದಲು ಮುಗಿಸಿ.

ಶಾಪ್‌ಫ್ಲೋರ್‌ನವ:
ಮೇಲಿನವರು ಹೇಳಿದ್ದು ಸರಿ, ಆದರೆ ಒಂದು ಮಾತು ಯಾರೂ ಹೇಳಲಿಲ್ಲ. ಸಿಸ್ಟಮ್‌ನಲ್ಲಿ ಹಳೆಯದು ಅಂದರೆ ಫ್ಲೋರ್‌ನಲ್ಲಿ ಇಲ್ಲ ಅಂತ ಅಲ್ಲ. ಆ 20 ಪೀಸ್ ಪ್ಲೇಟಿಂಗ್‌ಗೋ ಹೀಟ್ ಟ್ರೀಟ್‌ಮೆಂಟ್‌ಗೋ ಹೊರಗೆ ಹೋಗಿ ಅಲ್ಲೇ ಉಳಿದಿರಬಹುದು, ಇಲ್ಲಾ ರೀವರ್ಕ್ ಅಂತ ಯಾವುದೋ ಬಿನ್‌ನಲ್ಲಿ ಇರಬಹುದು. ನೀವು ಟೆಕೊ ಮಾಡುತ್ತೀರಿ, ಎಂಆರ್‌ಪಿ ಹೊಸದಾಗಿ ಆರ್ಡರ್ ಹಾಕುತ್ತದೆ, ನಾವು ಹೊಸ ಬಾರ್ ಕತ್ತರಿಸುತ್ತೇವೆ, ಮುಂದಿನ ವಾರ ಹಳೆಯವು ಗಾಡಿಯಲ್ಲಿ ಬಂದು ಇಳಿಯುತ್ತವೆ. ಲಿಸ್ಟ್ ಪ್ರಿಂಟ್ ತೆಗೆದು ಸೂಪರ್‌ವೈಸರ್ ಜೊತೆ ಒಂದು ಸುತ್ತು ಹಾಕಿ. ಸಿಕ್ಕಿದ್ದಕ್ಕೆ ಕನ್ಫರ್ಮೇಶನ್ ಹಾಕಿ, ಕೆಟ್ಟಿದ್ದನ್ನು ಸ್ಕ್ರಾಪ್ ಅಂತ ಎಂಟ್ರಿ ಮಾಡಿ. ಅರ್ಧ ಕನ್ಫರ್ಮೇಶನ್ ಆಗಿರುವ ಆರ್ಡರ್‌ಗಳಿಗೆ ಇದು ಬೇಕೇ ಬೇಕು. ಸುಮ್ನೆ ಸ್ಕ್ರೀನ್ ನೋಡಿ ಮುಗಿಸುವ ಕೆಲಸ ಅಲ್ಲ ಇದು.

ಪೀಣ್ಯ_ಪ್ಲಾನರ್:
ತುಂಬಾ ಉಪಕಾರ ಆಯಿತು. ಹೊರಗೆ ಹೋದ ಮಾಲಿನ ವಿಷಯ ನಮಗೂ ಇದೆ, ಪ್ಲೇಟಿಂಗ್ ಚಲನ್‌ಗಳನ್ನು ತೆಗೆಸುತ್ತೇನೆ. ಖರ್ಚಿಲ್ಲದ ಆರ್ಡರ್‌ಗಳನ್ನು ಈ ತಿಂಗಳು, ಉಳಿದದ್ದನ್ನು ಫೈನಾನ್ಸ್ ಒಪ್ಪಿದ ಮೇಲೆ ಮಾಡೋಣ ಅಂತ ಮ್ಯಾನೇಜರ್‌ಗೆ ಹೇಳುತ್ತೇನೆ. ಇನ್ನೊಂದು ಪ್ರಶ್ನೆ: ಮುಂದೆ ಹೀಗೆ ರಾಶಿ ಬೀಳದ ಹಾಗೆ ರಾತ್ರಿ ಬ್ಯಾಕ್‌ಗ್ರೌಂಡ್ ಜಾಬ್ ಹಾಕಬಹುದಾ?

ಪಿಪಿ_ಹುಬ್ಬಳ್ಳಿ:
ಹಾಕಬಹುದು. ಸಿಒಎಚ್‌ವಿ ಸೆಲೆಕ್ಷನ್ ಅನ್ನು ವೇರಿಯಂಟ್ ಆಗಿ ಸೇವ್ ಮಾಡಿ, ಎಸ್‌ಎಂ36ರಲ್ಲಿ ಜಾಬ್ ಹಾಕಿ. ಡೇಟನ್ನು ಕೈಯಲ್ಲಿ ಟೈಪ್ ಮಾಡಬೇಡಿ, ಇವತ್ತಿನಿಂದ ಇಷ್ಟು ದಿನ ಹಿಂದೆ ಅಂತ ಡೈನಾಮಿಕ್ ಆಗಿ ಕೊಡಿ, ಇಲ್ಲದಿದ್ದರೆ ದಿನಾ ಅದೇ ಹಳೆಯ ಡೇಟಿಗೇ ಓಡುತ್ತದೆ. ಜಾಬ್‌ನಲ್ಲಿ ಲಿಸ್ಟ್ ನೋಡಿ ಆರಿಸುವವರು ಯಾರೂ ಇರುವುದಿಲ್ಲ, ವೇರಿಯಂಟ್‌ಗೆ ಸಿಕ್ಕಿದ್ದೆಲ್ಲ ಟೆಕೊ ಆಗುತ್ತದೆ. ಅದಕ್ಕೇ ಪೂರ್ತಿ ಡೆಲಿವರಿ ಆದ ಮತ್ತು ಫೈನಲ್ ಕನ್ಫರ್ಮೇಶನ್ ಬಿದ್ದ ಆರ್ಡರ್‌ಗಳನ್ನು ಮಾತ್ರ ಜಾಬ್‌ಗೆ ಬಿಡಿ. ಅರ್ಧಕ್ಕೆ ನಿಂತವನ್ನು ವಾರಕ್ಕೊಮ್ಮೆ ನೀವೇ ಕೂತು ನೋಡಿ, ಎಂಡಿ06ರಲ್ಲಿ (ಹಲವು ಪಾರ್ಟ್‌ಗಳ ಎಂಆರ್‌ಪಿ ಪಟ್ಟಿ) ಫಿನಿಶ್ ಡೇಟ್ ದಾಟಿದ ಎಚ್ಚರಿಕೆ, ಅಂದರೆ ಎಕ್ಸೆಪ್ಶನ್ 07 ಬರುವ ಗುಂಪು ಹಾಕಿ ತೆಗೆದರೆ ಅವು ಬೇಗ ಸಿಗುತ್ತವೆ. ಯಾರಾದರೂ ಸಿಒ02ರಲ್ಲಿ ಆರ್ಡರ್ ತೆರೆದಿಟ್ಟು ಮನೆಗೆ ಹೋಗಿದ್ದರೆ ಅದು ಲಾಕ್ ಆಗಿ ಬಿಟ್ಟುಹೋಗುತ್ತದೆ, ಬೆಳಿಗ್ಗೆ ಬಂದು ಎಸ್‌ಎಂ37ರಲ್ಲಿ ಲಾಗ್ ನೋಡಿ.