ಕಾರವಾರದ ಚಪಲ್ ನೌಕೆ ಜೊತೆಗೆ ಹಳೆಯ ಹೊಳೆದೋಣಿ: ಒಂದೇ ದಿನದಲ್ಲಿ ಆಗುತ್ತದಾ?

ಶಿರಸಿ ಮೇಷ್ಟ್ರು: ಡಿಸೆಂಬರ್‌ನಲ್ಲಿ ಶಿರಸಿಯಿಂದ ಹೈಸ್ಕೂಲಿನ 45 ಮಕ್ಕಳ ಪ್ರವಾಸ. ಕುಮಟಾ ಮೇಲೆ ಕಾರವಾರಕ್ಕೆ ಹೋಗಿ ಟ್ಯಾಗೋರ್ ಕಡಲತೀರದಲ್ಲಿ ಸಂಗ್ರಹಾಲಯವಾಗಿ ನಿಲ್ಲಿಸಿರುವ ನೌಕಾಪಡೆಯ ಹಳೆ ಕ್ಷಿಪಣಿ ನೌಕೆ ಐಎನ್‌ಎಸ್ ಚಪಲ್ ನೋಡುವುದು. ಹೊಳೆಗಳಲ್ಲಿ ಓಡುತ್ತಿದ್ದ ಮರದ ದೋಣಿಗಳನ್ನೂ ತೋರಿಸಬೇಕೆಂದಿದೆ. ಎಲ್ಲಿ ನಿಲ್ಲಿಸಬೇಕು, ಮಕ್ಕಳಿಗೆ ಏನು ತೋರಿಸಬೇಕು?

ಹಳೇಬಂದರು: ಮೇಷ್ಟ್ರೇ, 45 ಮಕ್ಕಳನ್ನು ಒಟ್ಟಿಗೆ ಒಳಗೆ ಬಿಡಬೇಡಿ. ಚಪಲ್‌ನ ಉದ್ದವೇ 40 ಮೀಟರಿಗಿಂತ ಕಡಿಮೆ, ಒಳಗಿನ ದಾರಿ ಇಕ್ಕಟ್ಟು. ಹದಿನೈದರ ಮೂರು ತಂಡ ಮಾಡಿ. ಉಳಿದವರು ಟ್ಯಾಗೋರ್ ಕಡಲತೀರದಲ್ಲಿ ಇರಲಿ. ಬಾಗಿಲ ಹೊಸ್ತಿಲು ಎತ್ತರ, ನೀರು ಒಳನುಗ್ಗದಿರಲೆಂದೇ ಹಾಗೆ ಮಾಡಿದ್ದು. ಹೊಸ್ತಿಲು ನೋಡುತ್ತ ದಾಟಿದರೆ ತಲೆ ಮೇಲೆ ತಾಗುತ್ತದೆ, ಎರಡರ ಮೇಲೂ ಗಮನ ಬೇಕು. ಏಣಿಯಲ್ಲಿ ಇಳಿಯುವಾಗ ಏಣಿಗೆ ಮುಖ ಮಾಡಿ, ಎರಡೂ ಕೈಯಲ್ಲಿ ಹಿಡಿದೇ ಇಳಿಯಬೇಕು. ಕಬ್ಬಿಣ ಮಧ್ಯಾಹ್ನ ಕಾಯುತ್ತದೆ, ಆ ಹೊತ್ತು ತಪ್ಪಿಸಿ.

ಇನ್ನೊಂದು. 1971ರ ಯುದ್ಧದಲ್ಲಿ ಪಾಕಿಸ್ತಾನದ ಕರಾಚಿಗೆ ಹೊಡೆದದ್ದು ಇದೇ ನೌಕೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಚಪಲ್ ಸೇವೆಗೆ ಸೇರಿದ್ದೇ 1976ರಲ್ಲಿ, ನಿವೃತ್ತಿ 2005ರಲ್ಲಿ. ಆ ದಾಳಿ ನಡೆಸಿದ ನಿಪಾತ್, ನಿರ್ಘಾತ್, ವೀರ್ ನೌಕೆಗಳು ಇದಕ್ಕಿಂತ ಹಿಂದಿನ ಮಾದರಿಯವು. ಗುರುತು ಸುಲಭ: ಅವುಗಳ ಕ್ಷಿಪಣಿ ಗೂಡು ಚೌಕ ಪೆಟ್ಟಿಗೆ, ಚಪಲ್‌ನ ನಾಲ್ಕೂ ದುಂಡು ಪೀಪಾಯಿ. ಈ ಮಾದರಿಯ ಹೊತ್ತಿಗೆ ಕ್ಷಿಪಣಿಯ ರೆಕ್ಕೆ ಮಡಚುವಂತಾಗಿತ್ತು, ದೊಡ್ಡ ಪೆಟ್ಟಿಗೆ ಬೇಕಾಗಲಿಲ್ಲ.

ಅಘನಾಶಿನಿ ದಂಡೆ: ಹೊಳೆದೋಣಿಗೆ ಕಾರವಾರದವರೆಗೂ ಕಾಯುವುದು ಬೇಡ, ದಾರಿಯಲ್ಲೇ ಅಘನಾಶಿನಿ ಕಡಲು ಸೇರುವ ತದಡಿ ಕಡೆ ತಿರುಗಿ. ಅಳಿವೆಯಲ್ಲಿ ಚಿಪ್ಪಿಕಲ್ಲು ತೆಗೆಯುವವರ ಸಣ್ಣ ದೋಣಿ ಸಿಗುತ್ತವೆ. ಈಗ ಬಹಳಷ್ಟು ಫೈಬರಿನವು. ಮರದ್ದು ಯಾವುದೆಂದು ಅಲ್ಲಿಯವರನ್ನೇ ಕೇಳಿ. ಇಡೀ ಮರ ಕೊರೆದು ಪಕ್ಕಕ್ಕೆ ತೇಲುಮರ ಕಟ್ಟಿದ್ದರೆ ಅದು ಪಾತಿ ದೋಣಿ. ತೇಲುಮರವಿಲ್ಲದೆ ಅಷ್ಟು ಕಿರಿದಾದ ದೋಣಿ ಅಲೆಗೆ ಮಗುಚುತ್ತದೆ.

ಹಲಗೆಯ ಹಳೆ ದೋಣಿ ಸಿಕ್ಕರೆ ಒಡಲಿನ ಜೋಡಣೆ ನೋಡಿ. ಹೊಲಿದ ದೋಣಿಯಾದರೆ ಮೊಳೆ ಇರುವುದಿಲ್ಲ. ಹಲಗೆಯ ಅಂಚಿಗೆ ಸಾಲು ತೂತು, ಸಂದಿನ ಮೇಲೆ ನಾರಿನ ಉಂಡೆ ಒತ್ತಿ, ಅದರ ಮೇಲಿಂದ ತೆಂಗಿನ ಹುರಿಯ ಅಡ್ಡಡ್ಡ ಹೊಲಿಗೆ. ದಡಕ್ಕೆ ಬಡಿದಾಗ ಹೊಲಿಗೆ ಸ್ವಲ್ಪ ಬಾಗುತ್ತದೆ, ಹಲಗೆ ಸೀಳುವುದಿಲ್ಲ. ಮೊಳೆಯಾದರೆ ಉಪ್ಪುನೀರಿಗೆ ತುಕ್ಕು ಹಿಡಿದು ಸುತ್ತಲಿನ ಮರವನ್ನೂ ತಿನ್ನುತ್ತದೆ. ಆದರೆ ಹುರಿ ಕೊಳೆಯುತ್ತದೆ, ಆಗಾಗ ಬಿಚ್ಚಿ ಹೊಸದಾಗಿ ಹೊಲಿಯಲೇಬೇಕು. ಮರವೂ ಹುರಿಯೂ ಬೇಗ ಹಾಳಾಗದಿರಲೆಂದೇ ಮೀನೆಣ್ಣೆ ಬಳಿಯುವುದು. ಹಲಗೆಗೆ ಹೆಬ್ಬಲಸು ಒಳ್ಳೆಯದೆನ್ನುತ್ತಾರೆ.

ಪುಟ್ಟ ದುಂಡು ತೂತುಗಳು ಕಂಡರೆ ಅದು ಹೊಲಿಗೆಯದಲ್ಲ, ಮರ ಕೊರೆವ ಹುಳುವಿನ ಕೆಲಸ. ಹೊರಗೆ ಸೂಜಿಯಷ್ಟು, ಒಳಗೆ ಬೆರಳು ದಪ್ಪ ಸುರಂಗ. ಅದಕ್ಕೆ ಉಪ್ಪು ಬೇಕು. ದೋಣಿಯನ್ನು ಹೊಳೆಯ ಮೇಲಿನ ಸಿಹಿನೀರಿಗೆ ಒಯ್ದು ಕೆಲ ವಾರ ಬಿಟ್ಟರೆ ಹುಳು ಸಾಯುತ್ತದೆ.

ಶಿರಸಿ ಮೇಷ್ಟ್ರು: ಒಡಲು ಕಾಣಬೇಕಾದರೆ ಯಾವ ಹೊತ್ತಿಗೆ ಹೋಗಬೇಕು?

ಅಘನಾಶಿನಿ ದಂಡೆ: ಇಳಿತದ ಹೊತ್ತಿಗೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಾದರೆ ನೀರು ಚೆನ್ನಾಗಿ ಹಿಂದೆ ಸರಿಯುತ್ತದೆ. ಅಷ್ಟಮಿಯ ಸುಮಾರಿಗೆ ಕೆಸರಿನ ಅಂಚು ಮಾತ್ರ ಕಂಡೀತು. ಉಬ್ಬರದ ನಂತರ ಸುಮಾರು ಆರು ತಾಸಿಗೆ ಇಳಿತ, ದಿನಕ್ಕೆ ಸರಾಸರಿ 50 ನಿಮಿಷ ತಡವಾಗುತ್ತ ಹೋಗುತ್ತದೆ. ಹಿಂದಿನ ದಿನದ ಸಮಯ ಮೀನುಗಾರರಲ್ಲಿ ಕೇಳಿಟ್ಟುಕೊಂಡರೆ ಸಾಕು. ಮಕ್ಕಳು ಕೆಸರಿಗೆ ಇಳಿಯುವುದು ಬೇಡ, ಚಿಪ್ಪು ಕಾಲು ಕೊಯ್ಯುತ್ತದೆ.

ಹಳೇಬಂದರು: ಬೆಳಿಗ್ಗೆ ಇಳಿತ ಇದ್ದರೆ ತದಡಿ ಮೊದಲು. ಸಂಜೆ ಇದ್ದರೆ ಚಪಲ್ ಮುಗಿಸಿ ವಾಪಸ್ ಬರುವಾಗ. ಮಧ್ಯಾಹ್ನ ಬಿದ್ದರೆ ದಿನಾಂಕವನ್ನೇ ಬದಲಿಸಿ, ಎರಡೂ ಅರ್ಧಂಬರ್ಧ ಆಗುತ್ತದೆ.