ಅಟ್ಟದ ಮೇಲಿನ ಹನ್ನೆರಡು ಲಕ್ಷ

ಗುಂಪು: ಅಜ್ಜನ ಮನೆ, ಸೋಮವಾರಪೇಟೆ
ಜುಲೈ ಕೊನೆಯ ಭಾನುವಾರ

ಚೇತನ್, 9:12
(ಹಲವು ಬಾರಿ ಫಾರ್ವರ್ಡ್ ಆಗಿದೆ)
ನಿಮ್ಮ ಅಜ್ಜನ ಟ್ರಂಕು ಈಗಲೇ ತೆಗೆದು ನೋಡಿ!! ಪ್ರಪಂಚದ ಯುದ್ಧನೌಕೆಗಳ ವಾರ್ಷಿಕ ಪುಸ್ತಕ ಜೇನ್ಸ್ ಫೈಟಿಂಗ್ ಶಿಪ್ಸ್‌ನ 1914ರ ಸಂಪುಟದಲ್ಲಿ ಆಗಲೇ ಮುಳುಗಿದ್ದ ಅಡೇಷಸ್ ಎಂಬ ಯುದ್ಧನೌಕೆಯನ್ನು ತಪ್ಪಾಗಿ ಮುದ್ರಿಸಿದ್ದಾರೆ. ಈ ದೋಷವಿರುವ ಪ್ರತಿಗಳು ಪ್ರಪಂಚದಲ್ಲಿ ಏಳೇ ಏಳು. ಲಂಡನ್ನಿನಲ್ಲಿ ಒಂದಕ್ಕೆ 12 ಲಕ್ಷ!! ಗುಜರಿಗೆ ಹಾಕುವ ಮುನ್ನ ಯೋಚಿಸಿ. ಹತ್ತು ಜನಕ್ಕೆ ಕಳಿಸಿ.

ಚೇತನ್, 9:12
ನಮ್ಮ ಅಟ್ಟದಲ್ಲಿ ಇದೇ ಪುಸ್ತಕ ಇದೆ!! ಅಡ್ಡಕ್ಕೆ ಉದ್ದ ಇರೋದು, ತುಂಬಾ ಹಡಗಿನ ಚಿತ್ರ.

ಗಿರಿಜತ್ತೆ, 9:20
"ಗುಜರಿಗೆ ಹಾಕುವ ಮುನ್ನ ಯೋಚಿಸಿ" ಅಂತೆ. ಓದಿದ್ರಾ ಅಣ್ಣ?

ದೊಡ್ಡಪ್ಪ, 9:24
ಬೆಳಿಗ್ಗೆ ಬೆಳಿಗ್ಗೆ ಶುರು ಮಾಡ್ಬೇಡ ಗಿರಿಜಾ.

ಶ್ರುತಿ, 9:25
ಯಾವ ಹರಾಜು ಚೇತು? ಯಾವ ತಾರೀಖು? ಏಳು ಪ್ರತಿ ಅಂತ ಎಣಿಸಿದ್ದು ಯಾರು?

ಚೇತನ್, 9:26
ಕಾಫಿ ರೇಟಿನ ಗುಂಪಲ್ಲಿ ಬಂತು ಅಕ್ಕ.

ಶ್ರುತಿ, 9:26
ಓ. ಕಾಫಿ ರೇಟಿನ ಗುಂಪಿನ ನೌಕಾ ತಜ್ಞರು.

ದೊಡ್ಡಪ್ಪ, 9:31
ಪುಸ್ತಕ ಅಂದ್ರೆ ಸರಸ್ವತಿ. ಸರಸ್ವತಿಗೆ ರೇಟು ಕಟ್ಟೋದು ನಮ್ಮ ಮನೆತನಕ್ಕೆ ಶೋಭೆಯಲ್ಲ. ಈಗಿನ ಮಕ್ಕಳಿಗೆ ಎಲ್ಲದರಲ್ಲೂ ದುಡ್ಡೇ ಕಾಣೋದು.

ಗಿರಿಜತ್ತೆ, 9:32
ಹೌದೌದು. ಹೆಂಚು ಬದಲಾಯಿಸಿದ ವರ್ಷ ಆ ಸರಸ್ವತೀನ ತಕ್ಕಡಿ ಮೇಲೆ ಕೂರಿಸಿದ್ದು ಯಾರು ಹಾಗಾದ್ರೆ?

ಪವಿ, 9:33
ಅಯ್ಯೋ ಆ ಅಟ್ಟ! ಹಲಸಿನ ಹಪ್ಪಳದ ಡಬ್ಬ ಅಲ್ಲೇ ಇರ್ತಿತ್ತಲ್ವಾ? ಅಜ್ಜಿ ಏಣಿ ತೆಗೆದಿಟ್ರೂ ನಾವು ಹತ್ತಿಬಿಡ್ತಿದ್ವಿ.

ಸುರೇಶ ಚಿಕ್ಕಪ್ಪ, 9:50
ಮೊದಲು ಫಾರ್ವರ್ಡ್ ವಿಷಯ ಮುಗಿಸ್ತೀನಿ. ಅಡೇಷಸ್ ಮುಳುಗಿದ್ದು 1914ರ ಅಕ್ಟೋಬರ್ 27ಕ್ಕೆ, ಐರ್ಲೆಂಡಿನ ಉತ್ತರ ಕರಾವಳಿಯಲ್ಲಿ, ಜರ್ಮನಿಯ ಬರ್ಲಿನ್ ಅನ್ನೋ ಹಡಗು ಸಮುದ್ರದಲ್ಲಿ ಬಿಟ್ಟಿದ್ದ ಸಿಡಿಯೋ ಮೈನು ತಾಗಿ. ಹದಿಮೂರೂವರೆ ಇಂಚಿನ ಹತ್ತು ತೋಪು ಹೊತ್ತ ಹೊಸ ನೌಕೆ ಅದು. ಅದು ಮುಳುಗಿದ್ದು ಶತ್ರುವಿಗೆ ತಿಳಿಯಬಾರದು ಅಂತ ಬ್ರಿಟಿಷರು ಸುದ್ದಿ ಮುಚ್ಚಿಟ್ರು. ಪಕ್ಕದಲ್ಲೇ ಬಂದಿದ್ದ ಒಲಿಂಪಿಕ್ ಹಡಗಿನ ಪ್ರಯಾಣಿಕರು ಫೋಟೋ ತೆಗೆದಿದ್ರು, ಆದ್ರೂ 1918ರ ನವೆಂಬರ್‌ವರೆಗೆ ಅಧಿಕೃತವಾಗಿ ಒಪ್ಕೊಳ್ಳಲೇ ಇಲ್ಲ. ಹಾಗಾಗಿ 1914ರ ಪುಸ್ತಕದ ಯಾವ ಪ್ರತಿ ತೆಗೆದ್ರೂ ಆ ಹಡಗು ಇರುತ್ತೆ. ಇದು ಮುದ್ರಣದೋಷ ಅಲ್ಲ, ಏಳು ಪ್ರತಿ ಅನ್ನೋದೂ ಸುಳ್ಳು.

ರವಿ ಭಾವ, 9:53
ಸತ್ತವರ ಹೆಸರು ರೇಷನ್ ಕಾರ್ಡಲ್ಲಿ ಇರೋ ಹಾಗೆ.

ಸುರೇಶ ಚಿಕ್ಕಪ್ಪ, 9:54
ಅದೇ. ಸಕ್ಕರೆನೂ ತಗೊಳ್ತಾ ಇದ್ರು.

ದೊಡ್ಡಪ್ಪ, 9:58
ನಮ್ಮ ಕೊಡಗು ಕಾರ್ಯಪ್ಪ, ತಿಮ್ಮಯ್ಯನವರ ನಾಡು. ಭೂಸೇನೆ ನಮ್ಮದು. ಸಮುದ್ರ ಕಾಣದ ಊರಲ್ಲಿ ಅಪ್ಪನಿಗೆ ಈ ಹಡಗಿನ ಹುಚ್ಚು ಹೇಗೆ ಹತ್ತಿತೋ.

ಗಿರಿಜತ್ತೆ, 9:59
ಹುಚ್ಚು ಅಂತ ನಿನಗೆ ಅನ್ಸಿದ್ದಕ್ಕೇ ಅಲ್ವಾ ತೂಗಿ ಕೊಟ್ಟಿದ್ದು.

ಚೇತನ್, 10:02
ಚಿಕ್ಕಪ್ಪ, ದೋಷ ಬಿಡಿ. 1914ರ ಪುಸ್ತಕ ಅಂದ್ಮೇಲೆ ಹಳೇದೇ ಅಲ್ವಾ, ಬೆಲೆ ಇದ್ದೇ ಇರುತ್ತೆ.

ಸುರೇಶ ಚಿಕ್ಕಪ್ಪ, 10:10
ಎಲ್ಲರೂ ಮೋಸಹೋಗೋದು ಇಲ್ಲೇ. ರಟ್ಟಿನ ಮೇಲೆ 1914 ಅಂತ ಇದ್ದ ಮಾತ್ರಕ್ಕೆ 1914ರಲ್ಲಿ ಅಚ್ಚಾಯ್ತು ಅಂತಲ್ಲ. ಇಂಗ್ಲೆಂಡಿನ ಡೇವಿಡ್ ಅಂಡ್ ಚಾರ್ಲ್ಸ್‌ನವರು 1960ರ ದಶಕದ ಕೊನೆಯಿಂದ ಹಳೇ ಜೇನ್ಸ್ ಸಂಪುಟಗಳನ್ನ ಫೋಟೋ ತೆಗೆದು ಹಾಗೇ ಮರುಮುದ್ರಣ ಮಾಡಿದ್ರು. 1914ರದ್ದು ಬಂದಿದ್ದು 1968ರಲ್ಲಿ. ಅವಕ್ಕೂ ಅದೇ ಅಡ್ಡ ಆಕಾರ. ಸೆಕೆಂಡ್ ಹ್ಯಾಂಡ್ ಅಂಗಡೀಲಿ "1914ರ ಜೇನ್ಸ್" ಅಂತ ಸಿಗೋದು ಹೆಚ್ಚಾಗಿ ಇವೇ.

ಅಟ್ಟ ಹತ್ತಿದ್ರೆ ಹೀಗೆ ನೋಡು. ಶೀರ್ಷಿಕೆ ಪುಟ ತಿರುವಿ ಅದರ ಬೆನ್ನಿನ ಸಣ್ಣಕ್ಷರ ಓದು. ಮೂಲದ್ದು ಸ್ಯಾಂಪ್ಸನ್ ಲೋ, ಮಾರ್ಸ್ಟನ್ ಪ್ರಕಾಶನದ್ದು. ಒಳಗೆಲ್ಲಾದ್ರೂ ಎಸ್‌ಬಿಎನ್ ಅಂತ, ಅಂದ್ರೆ ಪುಸ್ತಕದ ಗುರುತಿನ ಸಂಖ್ಯೆ, ಒಂಬತ್ತು ಅಂಕಿ ಕಂಡ್ರೆ ಅಲ್ಲಿಗೆ ಮುಗೀತು. ಆ ಸಂಖ್ಯೆ ಬಳಕೆಗೆ ಬಂದಿದ್ದೇ 1960ರ ದಶಕದ ಕೊನೆಗೆ, ಹತ್ತು ಅಂಕಿಯ ಐಎಸ್‌ಬಿಎನ್ ಇನ್ನೂ ಆಮೇಲೆ. ಆಮೇಲೆ ಒಂದು ಫೋಟೋ ಮೇಲೆ ಭೂತಗನ್ನಡಿ ಇಡು. ಮೂಲದಲ್ಲಿ ಅಚ್ಚಿನ ಚುಕ್ಕೆಗಳು ಸಾಲಾಗಿ ಚೊಕ್ಕವಾಗಿರ್ತವೆ. ಮರುಮುದ್ರಣದಲ್ಲಿ ಚುಕ್ಕೆ ಮೇಲೆ ಚುಕ್ಕೆ ಕೂತು ಬಲೆ ಹಾಸಿದ ಹಾಗೆ ಕಾಣುತ್ತೆ, ಹಡಗಿನ ಹೊಗೆಕೊಳವೆ ನೆರಳಲ್ಲಿ ಕರಗಿ ಮಸಿ ಆಗಿರುತ್ತೆ.

ಶ್ರುತಿ, 10:14
ಮಾರಾಟದ ಸೈಟಲ್ಲಿ ಬೆಲೆ ನೋಡೋದಾದ್ರೆ ಕೇಳಿದ ಬೆಲೆ ನೋಡ್ಬೇಡ, ನಿಜವಾಗಿ ಮಾರಿದ ಬೆಲೆ ನೋಡು. ಕೇಳೋದು ಯಾರು ಬೇಕಾದ್ರೂ ಎಷ್ಟು ಬೇಕಾದ್ರೂ ಕೇಳಬಹುದು.

ರವಿ ಭಾವ, 10:16
ಮೂಲ ಪ್ರತಿಯೇ ಆಗಿದ್ರೆ ಲಂಡನ್ ಹರಾಜಿಗೆ ಕಳಿಸಿಬಿಡೋಣ. ಅಜ್ಜ ಕೈಯಲ್ಲಿ ಬರೆದಿಟ್ಟ ಹಡಗಿನ ನೋಟ್‌ಬುಕ್ಕೂ ಇತ್ತಲ್ಲ, ಅದನ್ನೂ ಸೇರಿಸಿ.

ಶ್ರುತಿ, 10:18
ಅಷ್ಟು ಸುಲಭ ಅಲ್ಲ ಭಾವ. 1972ರ ಪುರಾತನ ವಸ್ತುಗಳ ಕಾಯ್ದೆ ಇದೆ. ಚಾರಿತ್ರಿಕ ಮಹತ್ವದ ಹಸ್ತಪ್ರತಿ, ದಾಖಲೆಗೆ 75 ವರ್ಷ ತುಂಬಿದ್ರೆ ಅದು ಪುರಾತನ ವಸ್ತು, ಖಾಸಗಿಯವರು ದೇಶದಿಂದ ಆಚೆ ಕಳಿಸೋ ಹಾಗಿಲ್ಲ. ಅಂಚೆಗೆ ಹಾಕೋ ಮುಂಚೆ ಪುರಾತತ್ವ ಇಲಾಖೆ ಹತ್ರ ಕೇಳ್ಬೇಕು.

ಗಿರಿಜತ್ತೆ, 10:20
ಕಳಿಸೋ ವಿಷಯ ರವಿ ಮಾತಾಡೋದು ಚಂದ. ಮೈಸೂರಿಗೆ "ಓದಿ ಕೊಡ್ತೀನಿ" ಅಂತ ತಗೊಂಡು ಹೋದ ರೋಸ್ಕಿಲ್ ಪುಸ್ತಕ ಎಲ್ಲಿ ರವಿ?

ರವಿ ಭಾವ, 10:22
ಅತ್ತೆ, ಮೂರು ಸಂಪುಟ ತಗೊಂಡೆ, ಮೂರು ವಾಪಸ್ ಕೊಟ್ಟೆ. ಮಾವನೇ ಎಣಿಸಿ ಇಟ್ಕೊಂಡ್ರು.

ದೊಡ್ಡಪ್ಪ, 10:23
ಹೌದು, ಮೂರು. ನಾನೇ ಎಣಿಸಿದ್ದು.

ಸುರೇಶ ಚಿಕ್ಕಪ್ಪ, 10:29
ಅಣ್ಣ, ಅದು ಮೂರು ಸಂಪುಟ, ಆದ್ರೆ ಪುಸ್ತಕ ನಾಲ್ಕು. ರೋಸ್ಕಿಲ್ ಬರೆದ ದಿ ವಾರ್ ಅಟ್ ಸೀ, ಎರಡನೇ ಮಹಾಯುದ್ಧದ ಬ್ರಿಟಿಷ್ ನೌಕಾ ಇತಿಹಾಸ, 1954ರಿಂದ 1961ರ ತನಕ ಬಂತು, ಮೂರನೇ ಸಂಪುಟ ಎರಡು ಭಾಗ. ಅರ್ಧಕ್ಕರ್ಧ ಮಾರಾಟಗಾರರು "ಮೂರು ಸಂಪುಟ, ಪೂರ್ತಿ ಸೆಟ್" ಅಂತ ಮಾರಿ ಕೈತೊಳೆದುಕೊಳ್ಳೋದು ಹೀಗೇ. ಕೊಳ್ಳೋರು ಬೆನ್ನು ಎಣಿಸಬೇಕು, ಸಂಪುಟ ಅಲ್ಲ. ಒಡೆದ ಸೆಟ್ಟಿಗೆ ಬೆಲೆ ಅರ್ಧನೂ ಬರಲ್ಲ, ಬಿಡಿ ಭಾಗ ಹುಡುಕೋದು ಇಡೀ ಸೆಟ್ ಹುಡುಕೋದಕ್ಕಿಂತ ಕಷ್ಟ.

ಗಿರಿಜತ್ತೆ, 10:30
🙏

ರವಿ ಭಾವ, 10:34
ಮನೇಲಿ ನೋಡಿ ಹೇಳ್ತೀನಿ.

ಪವಿ, 10:36
ಆಗಸ್ಟ್ 3ಕ್ಕೆ ಮದ್ದುಸೊಪ್ಪು ಪಾಯಸಕ್ಕೆ ಎಲ್ಲರೂ ಊರಿಗೆ ಬರ್ತೀರಲ್ವಾ? ಆಗಲೇ ಲೆಕ್ಕ ಚುಕ್ತಾ ಮಾಡಿ. ಅಂದ ಹಾಗೆ ಆ ಹಪ್ಪಳದ ಡಬ್ಬ ಈಗ ಎಲ್ಲಿದೆ?

ಚೇತನ್, 11:05
(ಫೋಟೋ)
ಅಟ್ಟ ಹತ್ತಿದೆ. ಟ್ರಂಕಿನ ಮೇಲೆ ಹೆಂಚು ಸೋರಿದೆ. ಮೇಲಿನ ಎರಡು ಪುಸ್ತಕ ಒದ್ದೆ. ಚಿತ್ರದ ಹಾಳೆಗಳು ಒಂದಕ್ಕೊಂದು ಅಂಟ್ಕೊಂಡಿವೆ. ಒಲೆ ಪಕ್ಕ ಇಟ್ಟಿದ್ದೀನಿ, ಒಣಗಿದ ಮೇಲೆ ಬಿಡಿಸ್ತೀನಿ.

ಸುರೇಶ ಚಿಕ್ಕಪ್ಪ, 11:06
ಒಲೆ ಹತ್ರ ಬೇಡ!! ಈಗಲೇ ತೆಗಿ.

ಸುರೇಶ ಚಿಕ್ಕಪ್ಪ, 11:11
ಹಡಗಿನ ಫೋಟೋ ಇರೋ ಹಾಳೆ ಆರ್ಟ್ ಪೇಪರು, ಮೇಲೆ ಜೇಡಿಮಣ್ಣಿನ ಲೇಪ. ಒದ್ದೆ ಆದ್ರೆ ಆ ಲೇಪ ಅಂಟಾಗುತ್ತೆ. ಒಣಗಿಬಿಟ್ರೆ ಮುಗೀತು, ಇಟ್ಟಿಗೆ. ಆಮೇಲೆ ಎಳೆದ್ರೆ ಚಿತ್ರ ಎದುರು ಪುಟಕ್ಕೆ ಹೋಗುತ್ತೆ. ಬಿಡಿಸೋದಾದ್ರೆ ಒದ್ದೆ ಇರುವಾಗಲೇ, ಮೂಲೆಯಿಂದ ನಿಧಾನವಾಗಿ. ಒಂದೊಂದು ಚಿತ್ರದ ಹಾಳೆ ನಡುವೆ ಕೇಕ್ ಮಾಡೋಕೆ ಬಳಸೋ ಬೇಕಿಂಗ್ ಪೇಪರ್ ಇಡು. ನ್ಯೂಸ್‌ಪೇಪರ್ ಬೇಡ, ಮಸಿ ಇಳಿಯುತ್ತೆ. ಫ್ಯಾನು ಪಕ್ಕಕ್ಕೆ ಬೀಸ್ಲಿ, ನೇರವಾಗಿ ಬೇಡ.

ಇವತ್ತೇ ಆಗಲ್ಲ ಅಂದ್ರೆ ಪ್ಲಾಸ್ಟಿಕ್ ಕವರಲ್ಲಿ ಸುತ್ತಿ ಫ್ರೀಜರಿಗೆ ಹಾಕು. ಮೀನಿನ ಪಕ್ಕ ಬೇಡ. ಅಲ್ಲಿದ್ದಷ್ಟು ದಿನ ಬೂಷ್ಟು ಬೆಳೆಯಲ್ಲ, ಸಾಯೋದೂ ಇಲ್ಲ, ನಿಂತಿರುತ್ತೆ ಅಷ್ಟೆ. ನಿನಗೆ ಟೈಮ್ ಸಿಗುತ್ತೆ. ಒಣಗಿರೋ ಪುಸ್ತಕದಲ್ಲಿ ಹುಳ ಇದ್ರೂ ಇದೇ ದಾರಿ: ಗಾಳಿ ಹೋಗದ ಕವರು, ಮೈನಸ್ 18 ಡಿಗ್ರಿ, ಕನಿಷ್ಠ ಎರಡು ವಾರ. ಹೊರಗೆ ತೆಗೆದ ಮೇಲೆ ಒಂದು ದಿನ ಕವರ್ ಬಿಚ್ಚದೆ ಬಿಡು. ಬಿಚ್ಚಿದ್ರೆ ಸೋಡಾ ಬಾಟ್ಲಿ ಬೆವರೋ ಹಾಗೆ ರಟ್ಟು ಬೆವರುತ್ತೆ.

ಚೇತನ್, 11:14
ಹರಿದ ನಕ್ಷೆನೂ ಇದೆ ಒಂದು. ಮಡಿಕೆ ಹತ್ರ.

ಗಿರಿಜತ್ತೆ, 11:16
ಮೈದಾ ಗಂಜಿ ಕಾಯಿಸಿ, ಚಿಟಿಕೆ ಮೈಲುತುತ್ತ ಹಾಕಿ ಅಂಟಿಸು. ಅಪ್ಪ ಹಾಗೇ ಮಾಡ್ತಿದ್ದಿದ್ದು. ಹುಳ ಹತ್ತಲ್ಲ.

ಸುರೇಶ ಚಿಕ್ಕಪ್ಪ, 11:19
ಅಕ್ಕ, ಅಪ್ಪ ಮಾಡ್ತಿದ್ರು, ನಿಜ. ಆ ಪುಸ್ತಕಗಳ ಬೆನ್ನು ಕಂದಿ ಪುಡಿಯಾಗಿರೋದೂ ಅದಕ್ಕೇ. ಮೈಲುತುತ್ತದ ತಾಮ್ರ ಕಾಗದವನ್ನ ಒಳಗಿಂದ ತಿನ್ನುತ್ತೆ. ಅದು ಕಾಫಿ ಗಿಡಕ್ಕೆ ಬೋರ್ಡೋ ದ್ರಾವಣ ಹೊಡೆಯೋಕೆ ಸರಿ, ಇಲ್ಲಿ ಬೇಡ. ಮೈದಾದಲ್ಲಿ ಪಿಷ್ಟದ ಜೊತೆ ಗ್ಲುಟೆನ್ನೂ ಇರುತ್ತೆ, ಗಟ್ಟಿಯಾಗಿ ಹಳದಿ ಆಗುತ್ತೆ, ಸಿಲ್ವರ್‌ಫಿಶ್‌ಗೆ ಊಟ ಬಡಿಸಿದ ಹಾಗೆ. ಬೇಕಾಗಿರೋದು ಬರೀ ಗೋಧಿ ಪಿಷ್ಟದ ಅಂಟು, ಜಪಾನಿ ಟಿಶ್ಯೂ ಕಾಗದ. ಟಿಶ್ಯೂನ ಕತ್ತರಿಸಬಾರದು, ಒದ್ದೆ ಬ್ರಷ್‌ನಿಂದ ಗೆರೆ ಎಳೆದು ಹರೀಬೇಕು, ಅಂಚಿನ ನಾರು ನಕ್ಷೆಗೆ ಕೂತ್ಕೊಳ್ಳುತ್ತೆ. ನಕ್ಷೆಯ ಹಿಂಬದಿಗೇ ಅಂಟಿಸೋದು, ಮೇಲೆ ಬ್ಲಾಟಿಂಗ್ ಪೇಪರ್, ಅದರ ಮೇಲೆ ಭಾರ, ರಾತ್ರಿಯಿಡೀ.

ದೊಡ್ಡಪ್ಪ, 11:22
ಟ್ರಂಕಿಗೆ ನುಸಿಗುಳಿಗೆ ಹಾಕಿದ್ರೆ ಸಾಕಿತ್ತು. ನಾನು ಆಗಲೇ ಹೇಳಿದ್ದೆ.

ಶ್ರುತಿ, 11:23
ಯಾರಿಗೆ ಹೇಳಿದ್ರಿ ದೊಡ್ಡಪ್ಪ?

ಸುರೇಶ ಚಿಕ್ಕಪ್ಪ, 11:27
ನುಸಿಗುಳಿಗೆ ಬೂಷ್ಟಿಗೆ ಏನೂ ಮಾಡಲ್ಲ, ಪುಸ್ತಕಕ್ಕೆ ವಾಸನೆ ಹತ್ತುತ್ತೆ ಅಷ್ಟೆ. ಆ ವಾಸನೆ ಬಂದ ಪುಸ್ತಕವನ್ನ ಅಂಗಡಿಯವರು ಕೈಯಲ್ಲೂ ಹಿಡಿಯಲ್ಲ. ತಪ್ಪು ಟ್ರಂಕಿನದ್ದೇ. ಜೂನಿಂದ ಸೆಪ್ಟೆಂಬರ್ ತನಕ ನಮ್ಮೂರ ಗಾಳೀಲಿ ಏನು ಮುಚ್ಚಿಟ್ರೂ ಒಳಗೆ ಅದೇ ತೇವ. ಗಾಳಿಯ ತೇವ 65 ಶೇಕಡಾ ದಾಟಿತು ಅಂದ್ರೆ ಬೂಷ್ಟಿಗೆ ಹಬ್ಬ. ಪುಸ್ತಕ ಟ್ರಂಕಿಗೆ ಹಾಕೋದು ಫೆಬ್ರವರಿ-ಮಾರ್ಚಲ್ಲಿ, ಒಣಗಿದ್ದು ಒಣಗಿದ್ದಾಗಲೇ, ಜೊತೆಗೆ ಸಿಲಿಕಾ ಜೆಲ್ ಪೊಟ್ಟಣ. ಬಣ್ಣ ಬದಲಾದ್ರೆ ಓವನ್ನಲ್ಲಿ 110-120 ಡಿಗ್ರಿಗೆ ಕಾಯಿಸಿ ಮತ್ತೆ ಬಳಸಬಹುದು.

ಚೇತನ್, 11:29
ಕಾಫಿ ತೇವ ನೋಡೋ ಮೀಟರ್ ಇದೆಯಲ್ಲ, ಅದನ್ನೇ ಚುಚ್ಚಿ ನೋಡ್ಲಾ? ಪಾರ್ಚ್‌ಮೆಂಟ್ ಕಾಫಿಯ ತೇವ 10 ಶೇಕಡಾಕ್ಕೆ ಬಂದ್ರೆ ಚೀಲ ಕಟ್ಟೋ ಹಾಗೆ?

ಸುರೇಶ ಚಿಕ್ಕಪ್ಪ, 11:30
ಅದು ಬೀಜದ ತೇವ ಅಳೆಯೋದು ಮಾರಾಯ. ಇದಕ್ಕೆ ಗಾಳಿ ತೇವ ಅಳೆಯೋ ಹೈಗ್ರೋಮೀಟರ್ ಬೇಕು. ಸಣ್ಣದು ಸಾಕು.

ಶ್ರುತಿ, 11:33
ಬೂಷ್ಟು ಒರೆಸೋಕೆ ಒದ್ದೆ ಬಟ್ಟೆ ಮುಟ್ಟಿಸ್ಬೇಡ. ನೀಲಿ ಬಟ್ಟೆ ರಟ್ಟಿನ ಬಣ್ಣ ಬಿಡುತ್ತೆ, ಬೂಷ್ಟು ನೂಲಿನ ಒಳಗೆ ಇಳಿಯುತ್ತೆ. ಪೂರ್ತಿ ಒಣಗಿದ ಮೇಲೆ ಹೊರಗೆ ಜಗಲೀಲಿ, ಎನ್-95 ಮಾಸ್ಕ್ ಹಾಕ್ಕೊಂಡು, ಮೆತ್ತನೆ ಬ್ರಷ್‌ನಲ್ಲಿ ನಿನ್ನಿಂದ ಆಚೆ ಕಡೆಗೆ ಒರೆಸು. ಅಡುಗೆಮನೇಲಿ ಮಾಡಿದ್ರೆ ಅತ್ತೆ ಹಪ್ಪಳಕ್ಕೂ ಬೂಷ್ಟು.

ಪವಿ, 11:34
ಅಂದ್ರೆ ಹಪ್ಪಳ ಇನ್ನೂ ಇದೆ!!

ಚೇತನ್, 12:18
(ಫೋಟೋ)
ಶೀರ್ಷಿಕೆ ಪುಟದ ಬೆನ್ನು. "ಡೇವಿಡ್ ಅಂಡ್ ಚಾರ್ಲ್ಸ್, 1968". ಕೆಳಗೆ ಒಂಬತ್ತು ಅಂಕಿ.

ಶ್ರುತಿ, 12:19
ಹೋಯ್ತು ಹನ್ನೆರಡು ಲಕ್ಷ.

ಸುರೇಶ ಚಿಕ್ಕಪ್ಪ, 12:25
ಓದೋಕೆ, ಹಡಗು ಹುಡುಕೋಕೆ ಇದೇ ಒಳ್ಳೇದು. ಮೂಲ ಪ್ರತಿ ಇದ್ದಿದ್ರೆ ನಾವು ತಿರುವೋಕೂ ಹೆದರಬೇಕಿತ್ತು. ಜೇನ್ಸ್‌ನ ಎಲ್ಲ ವರ್ಷ ಸೇರಿಸೋಕೆ ಹೋಗ್ಬೇಡ, ಕಪಾಟೂ ಸಾಲಲ್ಲ ಜೇಬೂ ಸಾಲಲ್ಲ. ನಮಗೆ ಬೇಕಾಗೋದು ಒಂದೇ ಹಡಗನ್ನ ಎರಡು ಕಡೆ ತೋರಿಸೋ ವರ್ಷಗಳು. 1944-45ರ ಸಂಪುಟದಲ್ಲಿ ಬ್ರಿಟನ್ ಭಾಗಕ್ಕೆ ಹೋಗಿ ನೈಜೀರಿಯಾ ಅನ್ನೋ ಕ್ರೂಸರ್ ನೋಡು. ಆಮೇಲೆ 1957ರ ಆಗಸ್ಟ್ ನಂತರದ ಒಂದು ಸಂಪುಟದಲ್ಲಿ ಭಾರತದ ಭಾಗಕ್ಕೆ ಹೋಗು. ಅದೇ ಹಡಗು, ಐಎನ್‌ಎಸ್ ಮೈಸೂರು. ಅಕಿಲೀಸ್ ಅನ್ನೋ ಕ್ರೂಸರ್ ನಮ್ಮ ಡೆಲ್ಲಿ ಆಗಿದ್ದೂ ಹೀಗೇ, 1948ರಲ್ಲಿ. ಅವೆನ್ಯೂ ರಸ್ತೇಲಿ ಸಿಕ್ಕಿದ್ರೆ ಪಣಿಕ್ಕರ್ ಬರೆದ ಇಂಡಿಯಾ ಅಂಡ್ ದಿ ಇಂಡಿಯನ್ ಓಷನ್ ಬಿಡ್ಬೇಡ, 1945ರದ್ದು, ಸಣ್ಣ ಪುಸ್ತಕ, ದೊಡ್ಡವುಗಳ ನಡುವೆ ಕಣ್ತಪ್ಪುತ್ತೆ.

ನಿಜಕ್ಕೂ ಅಪರೂಪದ್ದು ಬೇರೆ ಇತ್ತು. ಅಪ್ಪನ ಪಟ್ಟೀಲಿ ಸಿ.ಆರ್. ಲೋ ಅನ್ನೋರು ಬರೆದ ಹಿಸ್ಟರಿ ಆಫ್ ದಿ ಇಂಡಿಯನ್ ನೇವಿ ಇದೆ, 1877ರದ್ದು, ಎರಡು ಸಂಪುಟ. ಟ್ರಂಕಲ್ಲಿ ಇದೆಯಾ ನೋಡು ಚೇತು.

ಚೇತನ್, 12:31
ಇಲ್ಲ ಚಿಕ್ಕಪ್ಪ.

ಗಿರಿಜತ್ತೆ, 12:31
ತಕ್ಕಡಿ.

ದೊಡ್ಡಪ್ಪ, 12:40
ಹೆಂಚಿನವರಿಗೆ ಅಟ್ಟ ಖಾಲಿ ಮಾಡಿಕೊಡಬೇಕಿತ್ತು. ಮಳೆ ತಲೆ ಮೇಲಿತ್ತು. ಯಾರಾದ್ರೂ ಒಬ್ಬರು ಬಂದು "ನಾನು ಇಟ್ಕೊಳ್ತೀನಿ" ಅಂದ್ರಾ? ಯಾರೂ ಬರಲಿಲ್ಲ. ಈಗ ಎಲ್ಲರಿಗೂ ಪುಸ್ತಕ ಬೇಕು.

(ಹನ್ನೊಂದು ನಿಮಿಷ ಯಾರದ್ದೂ ಮೆಸೇಜ್ ಇಲ್ಲ)

ರವಿ ಭಾವ, 12:51
(ಫೋಟೋ)
ಸಿಕ್ತು. ಮೂರನೇ ಸಂಪುಟ, ಎರಡನೇ ಭಾಗ. ಶೋಕೇಸಲ್ಲಿ ಟಿವಿ ಹಿಂದೆ ಇತ್ತು. ಅಜ್ಜನ ಸೀಲ್ ಇದೆ. ಮೂರನೇ ತಾರೀಖು ತರ್ತೀನಿ ಮಾವ.

ರವಿ ಭಾವ, 12:52
ಒಂದು ವಿಷಯ. ಮಡಚಿರೋ ನಕ್ಷೆ ಹರಿದಿತ್ತು ಅಂತ ನಮ್ಮ ಹುಡುಗ ಸೆಲೋಟೇಪ್ ಹಾಕಿದ್ದಾನೆ.

ಸುರೇಶ ಚಿಕ್ಕಪ್ಪ, 12:52
ಎಷ್ಟು ಉದ್ದ?

ರವಿ ಭಾವ, 12:53
ಒಂದು ಗೇಣು. ಎರಡೂ ಕಡೆ. ಎಳೆದು ತೆಗೀಲಾ?

ಸುರೇಶ ಚಿಕ್ಕಪ್ಪ, 12:53
ಮುಟ್ಬೇಡಿ. ಹಾಗೇ ತನ್ನಿ.

ಗಿರಿಜತ್ತೆ, 12:58
ಅಣ್ಣ, ಆ ಗುಜರಿಯವನು ಕುಶಾಲನಗರದವನೋ ಶನಿವಾರಸಂತೆಯವನೋ? ಅಷ್ಟಾದ್ರೂ ಹೇಳು.