ಬೇಲಿ ಕಂಬದ ಮೇಲಿರೋದು ಕೋಳಿ ಕಳ್ಳ ಅಲ್ಲ

ಗುಂಪು: ಮಧುಗಿರಿ ಹೈಸ್ಕೂಲ್ ಗೆಳೆಯರು

ಮಂಜು: ಫೋಟೋ ನೋಡಿ. ಫಾರ್ವರ್ಡ್ ಬಂದಿದೆ: “ರೈತರೇ ಎಚ್ಚರ! ಮೈದನಹಳ್ಳಿ ಕಡೆ ಕೋಳಿಮರಿ ಹೊತ್ತೊಯ್ಯುವ ರಣಹದ್ದಿನ ಮರಿ. ಕಂಡಲ್ಲಿ ಬಲೆ ಹಾಕಿ.”

ಗೀತಾ: ಮುಂದಕ್ಕೆ ಕಳಿಸ್ಬೇಡ ಮಂಜು. ಇದು ವೈಟ್ ಐಡ್ ಬಜರ್ಡ್, ಬಿಳಿಗಣ್ಣಿನ ಗಿಡುಗ. ಜೂಮ್ ಮಾಡು. ಬಿಳಿ ಗಂಟಲಿನ ನಟ್ಟನಡುವೆ ಒಂದು ಕಪ್ಪು ಗೆರೆ, ಕೆನ್ನೆಗೆ ಒಂದೊಂದು. ಕೊಕ್ಕಿನ ಬುಡ ಹಳದಿ. ಕಾಲಲ್ಲಿ ಹಿಡಿದಿರೋದು ಏನು? ಮಿಡತೆ. ಅದರ ಹಿಂಗಾಲು ಉಗುರಿಂದ ಆಚೆ ನೇತಾಡ್ತಿದೆ.

ರವಿ: ಗಂಟಲ ಗೆರೆ ಒಂದೇ ಸಾಲದು ಗೀತಾ. ಬಿಜ್ಜುಗೂ (ಶಿಕ್ರಾ ಅಂತಾರಲ್ಲ, ಆ ಸಣ್ಣ ಗಿಡುಗ) ನಡುವೆ ತೆಳ್ಳಗೆ ಗೆರೆ ಇರುತ್ತೆ, ಕೋಳಿಮರಿ ಎತ್ತೋದೂ ಅದೇ. ಕಣ್ಣೂ ಪೂರ್ತಿ ನಂಬಿಕಸ್ತ ಗುರುತಲ್ಲ, ಈ ಬಜರ್ಡ್ ಎಳೇದಿದ್ದಾಗ ಕಣ್ಣು ಕಂದು.

ಗೀತಾ: ಕಂದು ಕಣ್ಣಿದ್ರೆ ಗೊಂದಲ, ಸರಿ. ಇಲ್ಲಿ ಬಿಳಿ ಇದೆಯಲ್ಲ! ಬಿಜ್ಜು ಕಣ್ಣು ಹಳದಿಯಿಂದ ಕೆಂಪಿಗೆ ತಿರುಗುತ್ತೆ, ಬಿಳಿ ಆಗಲ್ಲ. ಅದೂ ಬೇಡ, ರೆಕ್ಕೆ ನೋಡು. ಕೂತಾಗ ರೆಕ್ಕೆ ತುದಿ ಬಾಲದ ತುದಿಗೆ ಹತ್ತತ್ರ ಬಂದಿದೆ. ಬಿಜ್ಜಿನ ರೆಕ್ಕೆ ಮೋಟು, ಬಾಲದ ಅರ್ಧಕ್ಕೇ ನಿಲ್ಲುತ್ತೆ.

ರವಿ: ರೆಕ್ಕೆ ಲೆಕ್ಕ ಒಪ್ಪಿದೆ.

ಶಿರಾ ಸೀನ: ಉದ್ದಕಾಲಿನ ಬಜರ್ಡ್ ಯಾಕಾಗಬಾರ್ದು? ಮೈದನಹಳ್ಳಿ ಹುಲ್ಲುಗಾವಲಿಗೆ ಅದೂ ಬರುತ್ತೆ.

ರವಿ: ಚಳಿಗಾಲದ ಅತಿಥಿ ಅದು. ಈಗ ಮೇ, ಮಧ್ಯ ಏಷ್ಯಾ ಕಡೆ ವಾಪಸ್ ಹೋಗಿರುತ್ತೆ. ಗಾತ್ರಾನೂ ದೊಡ್ಡದು, 60 ಸೆಂ.ಮೀ. ಆಸುಪಾಸು, ಇದು 40. ಹಾರುವಾಗ ಅದರ ರೆಕ್ಕೆ ಮಡಿಕೆ ಹತ್ರ ಕಪ್ಪು ಮಚ್ಚೆ, ಬಾಲ ಪಟ್ಟೆಯಿಲ್ಲದ ತಿಳಿ ಕಿತ್ತಳೆ, ತೇಲುವಾಗ ರೆಕ್ಕೆ ಕೊಂಚ ಮೇಲಕ್ಕೆತ್ತಿರುತ್ತೆ. ರೆಕ್ಕೆ ಚಪ್ಪಟೆ ಹಿಡಿದು, ಪಾರಿವಾಳದಂಥ ಸಣ್ಣ ತಲೆ ಚಾಚಿಕೊಂಡು ಹೋದ್ರೆ ಅದು ಇನ್ನೊಂದು ಹಕ್ಕಿ, ಜೇನುಗಿಡುಗ. ಅದಕ್ಕೆ ಬೇಕಿರೋದು ಜೇನುಹುಟ್ಟಿಯೊಳಗಿನ ಮರಿಹುಳ.

ಮಂಜು: ಹೆಸರು ಏನಾದ್ರೂ ಇರ್ಲಿ. ಹಳ್ಳೀಲಿ ಕೋಳಿಮರಿ ಹೋಗ್ತಿರೋದು ನಿಜ ತಾನೆ? ಬಲೆ ಹಾಕಿದ್ರೆ ತಪ್ಪೇನು?

ಗೀತಾ: ತಪ್ಪೇ. ಕಾಡುಹಕ್ಕಿ ಹಿಡಿಯೋದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ. ಅದು ಹಾಗಿರ್ಲಿ, ಹಿಡಿದು ಲಾಭ ಏನು? ಈ ಹಕ್ಕಿ ಒಣಮರದ ಮೇಲೋ ಕಂಬದ ಮೇಲೋ ಗಂಟೆಗಟ್ಟಲೆ ಕೂತು, ನೆಲದಲ್ಲಿ ಅಲುಗಾಡಿದ್ದರ ಮೇಲೆ ಬೀಳುತ್ತೆ. ಮಿಡತೆ, ಓತಿಕ್ಯಾತ, ಇಲಿ, ಕಪ್ಪೆ, ಸಣ್ಣ ಹಾವು. ಹೊಲಕ್ಕೆ ಬೇಡವಾದದ್ದೇ ಅದರ ಊಟ. ಫೆಬ್ರವರಿಯಿಂದ ಮೇವರೆಗೆ ಗೂಡಿನ ಕಾಲ, ಸಾಮಾನ್ಯವಾಗಿ 3 ಮೊಟ್ಟೆ, ಮರಿಗೆ ಅಪ್ಪ ಅಮ್ಮ ಇಬ್ಬರೂ ಉಣಿಸ್ತಾರೆ. ಈಗ ಒಂದನ್ನ ಹಿಡಿದ್ರೆ ಗೂಡಲ್ಲಿರೋ ಮರಿಗಳಿಗೂ ಕುತ್ತು. ಕೋಳಿಮರಿಗೆ ಬಿಜ್ಜು, ಹದ್ದಿನ ಕಾಟ ಇದ್ರೆ ಮೊದಲ ಕೆಲವು ವಾರ ಮಂಕರಿ ಅಡಿಯಲ್ಲೇ ಮೇಯಿಸಿ. ಅಂಗಳದ ಮೇಲೆ ನೈಲಾನ್ ಬಲೆ ಕಟ್ಟೋದಾದ್ರೆ ಬಿಗಿಯಾಗಿ ಎಳೆದು ಕಟ್ಟಿ. ಜೋಲು ಬಿಟ್ರೆ ಹಕ್ಕಿ ಕಾಲು ಸಿಕ್ಕಿಕೊಂಡು ಒದ್ದಾಡಿ ರೆಕ್ಕೆ ಮುರಿದುಕೊಳ್ಳುತ್ತೆ.

ಶಿರಾ ಸೀನ: ಇಲಿಗೆ ಈ ಹಕ್ಕಿ ಸಾಕು ಅನ್ಬೇಡ. ವಿಷ ಇಡದಿದ್ರೆ ಶೇಂಗಾ ಮನೆಗೆ ಬರಲ್ಲ.

ರವಿ: ಸಾಕು ಅಂತ ಯಾರೂ ಅಂದಿಲ್ಲ ಸೀನ. ಆದ್ರೆ ಯಾವ ವಿಷ ಅನ್ನೋದು ನೋಡು. ಬ್ರೋಮಡಿಯೋಲೋನ್ ಬಿಲ್ಲೆ ತಿಂದ ಇಲಿ ಕೂಡಲೇ ಸಾಯಲ್ಲ. ಕೆಲವು ದಿನ ಮಂಕಾಗಿ ಹಗಲಲ್ಲೇ ಬಯಲಲ್ಲಿ ತೆವಳುತ್ತೆ, ಕಂಬದ ಮೇಲಿನ ಹಕ್ಕಿಗೆ ಅದೇ ಸುಲಭದ ಬೇಟೆ. ವಿಷ ಇಲಿಯ ಪಿತ್ತಜನಕಾಂಗದಲ್ಲಿ ಉಳಿದಿರುತ್ತೆ, ತಿಂದ ಹಕ್ಕಿಗೆ ಒಳಗೊಳಗೇ ರಕ್ತಸ್ರಾವ.

ಶಿರಾ ಸೀನ: ಹಾಗಾದ್ರೆ ಬೆಳೆ ಇಲಿಗೆ ಬಿಟ್ಬಿಡ್ಲಾ?

ಗೀತಾ: ಬಿಡಬೇಡ. ಮೊದಲು ಬದುವಿನ ಬಿಲ ಅಗೆಸು, ಬೋನು ಇಡು. ವಿಷ ಇಡಲೇಬೇಕು ಅಂದ್ರೆ ಬಿಲದ ಒಳಗೇ ಇಟ್ಟು ಬಾಯಿ ಮುಚ್ಚು, ಬದುವಿನ ಮೇಲೆ ಚೆಲ್ಲಬೇಡ. ಆಮೇಲೆ ಒಂದು ವಾರ ದಿನಾ ಬೆಳಗ್ಗೆ ಹೊಲ ಸುತ್ತಿ, ಸತ್ತ ಇಲಿನ ಕೈಗೆ ಕವರ್ ಹಾಕ್ಕೊಂಡು ಎತ್ತಿ, ನಾಯಿ ಕೆದಕದಷ್ಟು ಆಳಕ್ಕೆ ಹೂಳು.

ಶಿರಾ ಸೀನ: ದಿನಾ ಸುತ್ತೋಕೆ ಆಳು ಎಲ್ಲಿ ಸಿಗ್ತಾರೆ?

ರವಿ: ಸಿಗಲ್ಲ ಅಂದ್ರೆ ಬಿಲ್ಲೆ ಬಿಟ್ಟು ಬೋನಿಗೇ ಹೋಗು.